ಮೂರು ಕಂಪನಿ, ಒಂದೇ ಗುಂಡಿ

ಇವತ್ತು ರಾಜಕೀಯ ಬೇಡ. ನಿಮ್ಮ ಮನೆಯಲ್ಲಿ ಟಿವಿ ಪಕ್ಕ ಮಿಣಮಿಣ ಅಂತ ದೀಪ ಹಚ್ಚಿಕೊಂಡು ಕೂತಿರುತ್ತಲ್ಲ, ಆ ಇಂಟರ್ನೆಟ್ ಡಬ್ಬಿ, ಇವತ್ತು ಅದರ ವಿಷಯ ಮಾತಾಡೋಣ.

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ನಮ್ಮ ಕಾಕಾ ತಿಳವಳ್ಳಿಯಿಂದ ಫೋನ್ ಮಾಡಿದರು. ತಿಳವಳ್ಳಿ ಅಂದ್ರೆ ಹಾವೇರಿ ಜಿಲ್ಲೆ, ಹಾನಗಲ್ ತಾಲೂಕು, ಶಾಂತೇಶ್ವರ ದೇವಸ್ಥಾನ ಇರುವ ಊರು. ನಾನು ಸ್ಟುಡಿಯೋಗೆ ಹೊರಡುವ ಗಡಿಬಿಡಿಯಲ್ಲಿದ್ದೆ.

"ತಮ್ಮಾ, ಮುಂಜಾನೆ ಒಂಬತ್ತೂವರೆಯಿಂದ ನೆಟ್ ಇಲ್ಲ ನೋಡು. ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದೆ. ನಾಕ ಸಲ ಮಾಡಿದೆ. ನೀ ಇಂಜಿನಿಯರ್ ಅದಿಯಲ್ಲ, ಏನ ಮಾಡಬೇಕು ಹೇಳು."

ನಾನು ಇಂಜಿನಿಯರಿಂಗ್ ಓದಿದ್ದು ನಿಜ. ಆದರೆ ನಮ್ಮ ಮನೆಯಲ್ಲಿ ಇಂಜಿನಿಯರ್ ಅಂದ್ರೆ ಮಿಕ್ಸರ್ ರಿಪೇರಿಯಿಂದ ಹಿಡಿದು ಎಲ್ಲದಕ್ಕೂ ಅವನೇ. ಇರಲಿ. ನಾನು ಕೇಳಿದ ಮೊದಲ ಪ್ರಶ್ನೆ ಡಬ್ಬಿಯ ಬಗ್ಗೆ ಆಗಿರಲಿಲ್ಲ. "ಕಾಕಾ, ಬಾಜೂ ಮನಿಯವರದು ಐತೇನ್ರಿ?"

"ಅವರದೂ ಹೋಗೇತಿ. ಅವರದು ಬ್ಯಾರೆ ಕಂಪನಿ. ಪ್ಯಾಟ್ಯಾಗ ಝೆರಾಕ್ಸ್ ಅಂಗಡಿಯವಂದು ಮತ್ತೊಂದು ಕಂಪನಿ, ಅವಂದೂ ಇಲ್ಲ. ಮೂರು ಕಂಪನಿ ಒಂದ ಸಲಕ್ಕ ಹೆಂಗ ಹೊಕ್ಕಾವು? ಸರಕಾರದವರೇ ಬಂದ್ ಮಾಡ್ಯಾರು ಅಂತಾರ ಇಲ್ಲಿ ಮಂದಿ."

ನೋಡಿ, ಇದೇ ಪ್ರಶ್ನೆ. ಒಬ್ಬರ ನೆಟ್ ಹೋದರೆ ಕಂಪನಿಗೆ ಬೈತೀವಿ. ಮೂರು ಕಂಪನಿಯ ನೆಟ್ ಒಟ್ಟಿಗೆ ಹೋದರೆ ಊರಲ್ಲಿ ಕಥೆ ಹುಟ್ಟುತ್ತೆ. ಸರ್ಕಾರ ಬಂದ್ ಮಾಡಿದೆ, ಸೈಬರ್ ದಾಳಿ ಆಗಿದೆ, ರೀಚಾರ್ಜ್ ರೇಟ್ ಏರಿಸೋಕೆ ನಾಟಕ. ಮಧ್ಯಾಹ್ನದೊಳಗೆ ಈ ಮೂರೂ ವಾಟ್ಸ್ಆ್ಯಪ್‌ನಲ್ಲಿ ನಮ್ಮ ಚಾನೆಲ್‌ಗೇ ಬಂದಿದ್ದವು. ಆದರೆ ಕಥೆ ಕಟ್ಟುವ ಮೊದಲು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡಬೇಕು. ಅದಕ್ಕೆ ಐದು ನಿಮಿಷ ಸಾಕು.

ಕಾಕಾಗೆ ಹೇಳಿದೆ, "ಡಬ್ಬಿ ಮ್ಯಾಲಿನ ದೀಪ ನೋಡ್ರಿ. ಎಲ್‌ಓಎಸ್ ಅಂತ ಬರದಲ್ಲಿ ಕೆಂಪು ದೀಪ ಐತೇನು?" ಇಲ್ಲ. "ಪಿಓಎನ್ ಅಂತ ಬರದದ್ದು?" ಹಸಿರು, ಅಲುಗಾಡದೆ ಉರಿಯುತ್ತಿದೆ.

ಇದರ ಅರ್ಥ ಏನು? ಫೈಬರ್ ಅಂದ್ರೆ ಗಾಜಿನ ಎಳೆ. ಅದರೊಳಗೆ ಹರಿಯೋದು ಕರೆಂಟ್ ಅಲ್ಲ, ಬೆಳಕು. ಆ ಬೆಳಕು ನಿಮ್ಮ ಮನೆ ತನಕ ಬಾರದಿದ್ದರೆ ಕೆಂಪು ದೀಪ ಹತ್ತುತ್ತೆ. ಬೀದಿಯಲ್ಲಿ ವೈರ್ ಕಡಿದಿರಬಹುದು, ಮಂಗ ಜಗ್ಗಿರಬಹುದು, ಇಲ್ಲವೇ ಕೇಬಲ್‌ನವರ ಯಂತ್ರಕ್ಕೇ ಕರೆಂಟ್ ಇಲ್ಲದಿರಬಹುದು. ಕಾಕಾ ಮನೆಯಲ್ಲಿ ಕೆಂಪು ಇರಲಿಲ್ಲ. ಅಂದ್ರೆ ಊರೊಳಗಿನ ಯಂತ್ರದಿಂದ ಮನೆ ತನಕ ಎಲ್ಲ ಸರಿ ಇದೆ. ಬಾಜೂ ಮನೆಯಲ್ಲೂ ನೋಡಿ ಬರೋಕೆ ಹೇಳಿದೆ. ಅಲ್ಲೂ ಹಸಿರು.

ಆಮೇಲೆ, ಮೊಬೈಲನ್ನು ಮನೆಯ ವೈಫೈಗೆ ಹಾಕಿಕೊಂಡು ಬ್ರೌಸರ್‌ನಲ್ಲಿ 1.1.1.1 ಅಂತ ಬರೀರಿ ಅಂದೆ. ಇದು ಸಣ್ಣ ಉಪಾಯ. ನಾವು ವೆಬ್‌ಸೈಟಿನ ಹೆಸರು ಬರೆದಾಗ ಅದನ್ನು ನಂಬರ್‌ಗೆ ತಿರುಗಿಸಿ ಕೊಡುವ ಒಂದು ವ್ಯವಸ್ಥೆ ಇದೆ, ಡಿಎನ್ಎಸ್ ಅಂತ. ಎಷ್ಟೋ ಸಲ ಕೆಡೋದು ಅದೊಂದೇ. ಹೆಸರು ಬರೆದರೆ ತೆರೆಯದೆ, ಈ ನಂಬರ್ ಬರೆದರೆ ತೆರೆದುಕೊಂಡರೆ ದಾರಿ ಸರಿ ಇದೆ, ವಿಳಾಸದ ಪುಸ್ತಕ ಕೆಟ್ಟಿದೆ ಅಂತ ಅರ್ಥ. ಕಾಕಾಗೆ ನಂಬರೂ ತೆರೆಯಲಿಲ್ಲ. ಅಂದ್ರೆ ದಾರಿಯೇ ಇಲ್ಲ.

ಮನೆ ಸರಿ, ಬೀದಿ ಸರಿ, ಊರು ಸರಿ. ಊರ ಹೊರಗೆ ಹೋಗುವ ದಾರಿ ಇಲ್ಲ. ಅದೂ ಮೂರು ಕಂಪನಿಗಳಿಗೆ, ಒಂದೇ ನಿಮಿಷದಲ್ಲಿ. ಹಾಗಾದರೆ ಮೂವರೂ ಹಂಚಿಕೊಂಡಿರುವ ಜಾಗದಲ್ಲೇ ಏನೋ ಆಗಿದೆ. ಇದನ್ನು ಹೇಳಿದ ಕೂಡಲೇ ಕಾಕಾ ಅಂದರು, "ಅಂದ್ರ ತೂಬಿನ್ಯಾಗ ಐತಿ ಅನ್ನು. ನಮ್ಮ ಗದ್ದ್ಯಾಗಿಲ್ಲ."

ನಾಲ್ಕು ವರ್ಷ ಓದಿ ನಾನು ಕಲಿತದ್ದನ್ನು ಕಾಕಾ ಒಂದು ಮಾತಿನಲ್ಲಿ ಹೇಳಿದರು. ಕೆರೆ ನೀರಲ್ಲಿ ಭತ್ತ ಬೆಳೆದವರಿಗೆ ಇದು ಗೊತ್ತು. ನಿನ್ನ ಗದ್ದೆಗೆ ಮಾತ್ರ ನೀರು ಬಂದಿಲ್ಲ ಅಂದ್ರೆ ನಿನ್ನ ಬದು ನೋಡು. ಸಾಲಿನವರ ಯಾರ ಗದ್ದೆಗೂ ಬಂದಿಲ್ಲ ಅಂದ್ರೆ ಸಲಿಕೆ ಹಿಡಿದು ಬದು ಅಗೆಯಬೇಡ, ತೂಬಿನ ಹತ್ತಿರ ನಡಿ.

ಸಂಜೆ ವಿಷಯ ಗೊತ್ತಾಯ್ತು. ಹಾನಗಲ್ ಕಡೆಯ ರಸ್ತೆ ಬದಿಯಲ್ಲಿ ಪೈಪ್ ಹಾಕೋಕೆ ಜೆಸಿಬಿ ಅಗೆಯುತ್ತಿತ್ತು. ಅಲ್ಲಿ ಎರಡು ಕೇಬಲ್ ಹೂತಿದ್ದವು, ನಡುವೆ ಒಂದು ಗೇಣು ಅಂತರ. ಒಂದು ಕೇಬಲ್ ಒಂದು ಕಂಪನಿಯ ಸ್ವಂತದ್ದು. ಇನ್ನೊಂದರಲ್ಲಿ ಉಳಿದ ಎರಡು ಕಂಪನಿಯವರು ಎಳೆಗಳನ್ನು ಬಾಡಿಗೆಗೆ ತಗೊಂಡಿದ್ದರು. ಬಕೆಟ್ ಒಂದು ಸಲ ಕೆಳಗಿಳಿಯಿತು, ಎರಡೂ ಮೇಲೆ ಬಂದವು. ಒಂದು ಮೊಬೈಲ್ ಟವರ್ ಕೂಡ ಅದೇ ಎಳೆಯ ಮೇಲಿತ್ತು, ಅದೂ ಸತ್ತಿತು. ಇನ್ನೊಂದು ಟವರ್‌ಗೆ ಸಿಗ್ನಲ್ ಬರೋದು ಗಾಳಿಯಲ್ಲಿ, ಡಿಶ್‌ನಿಂದ ಡಿಶ್‌ಗೆ. ಕಾಕಾ ನನಗೆ ಫೋನ್ ಮಾಡೋಕೆ ಆಗಿದ್ದು ಅದರಿಂದ.

ಕಡಿದ ಜಾಗ ಹುಡುಕಿದ್ದು ಹೇಗೆ? ಕೇಬಲ್ ಹುಡುಗರ ಹತ್ತಿರ ಓಟಿಡಿಆರ್ ಅನ್ನುವ ಯಂತ್ರ ಇರುತ್ತೆ. ಅದು ಎಳೆಯೊಳಗೆ ಬೆಳಕಿನ ಒಂದು ಮಿಂಚು ಬಿಡುತ್ತೆ. ತುಂಡಾದ ಜಾಗದಲ್ಲಿ ಬೆಳಕು ತಡೆದು ವಾಪಸ್ ಬರುತ್ತೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 10 ಕಿಲೋಮೀಟರ್ ದೂರ ಹೋಗಿ ಬರೋಕೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಸಾಕು. ಆ ಸಮಯ ಅಳೆದು ಯಂತ್ರ ದೂರ ಹೇಳುತ್ತೆ. ಆದರೆ ಅದು ಹೇಳೋದು ಕೇಬಲ್‌ನ ಉದ್ದ, ರಸ್ತೆಯ ಉದ್ದ ಅಲ್ಲ. ಅಲ್ಲಲ್ಲಿ ಸುತ್ತಿ ಬಿಟ್ಟ ಕೇಬಲ್ ಲೆಕ್ಕ ತಪ್ಪಿಸುತ್ತೆ. ಹಾಗಾಗಿ ಕೊನೆಗೆ ಬೈಕ್ ಮೇಲೆ ಹೋಗಿ, ಎಲ್ಲಿ ಹೊಸ ಮಣ್ಣು ಬಿದ್ದಿದೆ ಅಂತ ಕಣ್ಣಿಂದಲೇ ನೋಡಬೇಕು.

ಸಿಕ್ಕಿದ ಮೇಲೆ ಜೋಡಿಸಬೇಕು. ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಎರಡು ತುದಿಗಳನ್ನು ಎದುರುಬದುರು ಹಿಡಿದು, ಕಿಡಿ ಹಾರಿಸಿ, ಕರಗಿಸಿ ಕೂಡಿಸಬೇಕು. ಬಣ್ಣಕ್ಕೆ ಬಣ್ಣ ಹೊಂದಿಸಿ, ಒಂದಾದ ಮೇಲೆ ಒಂದು. ಜಿಟಿಜಿಟಿ ಮಳೆಯಲ್ಲಿ, ಕೆಸರು ಗುಂಡಿಯ ಪಕ್ಕ, ತಾಡಪತ್ರಿ ಕಟ್ಟಿಕೊಂಡು ಇಬ್ಬರು ಹುಡುಗರು ಕೂತು ಈ ಕೆಲಸ ಮಾಡಿದ್ದಾರೆ. ನೆಟ್ ಇಲ್ಲ ಅಂತ ಫೋನ್ ಮಾಡಿ ನಾವು ಬೈಯುವುದು ಈ ಹುಡುಗರಿಗೇ. ಸಂಜೆ ಐದೂವರೆ ಹೊತ್ತಿಗೆ ಮೂರೂ ಕಂಪನಿಯ ನೆಟ್ ಬಂತು.

ಎಂಟು ಗಂಟೆ ತಾನೇ, ಅದರಲ್ಲೇನಿದೆ ಅಂತೀರಾ? ಕಾಕಾನ ಮಗಳದ್ದು ಒಂದು ನೌಕರಿ ಅರ್ಜಿ ಇತ್ತು. ಅವತ್ತೇ ಕೊನೆಯ ದಿನ. ಮೊಬೈಲ್ ನೆಟ್‌ನಲ್ಲಿ ಶುಲ್ಕ ಕಟ್ಟೋಕೆ ಹೋದಳು, ಅರ್ಧಕ್ಕೆ ನಿಂತಿತು. ಊರಿನವರೆಲ್ಲ ಅದೇ ಒಂದು ಟವರ್ ಮೇಲೆ ಬಿದ್ದಿದ್ದರು. ಕೊನೆಗೆ ಬಸ್ ಹತ್ತಿ ಹಾನಗಲ್‌ಗೆ ಹೋಗಿ, ಸಾಲಲ್ಲಿ ನಿಂತು ಅರ್ಜಿ ಹಾಕಿದಳು. ಬಸ್ ತಪ್ಪಿದ್ದರೆ ಒಂದು ವರ್ಷದ ಓದು ಹೋಗುತ್ತಿತ್ತು. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವ ಯಂತ್ರ ನಡೆಯಲಿಲ್ಲ. ಕೂಲಿ ಬಿಟ್ಟು ಬಂದಿದ್ದ ಹೆಣ್ಣುಮಕ್ಕಳು ಖಾಲಿ ಚೀಲ ಹಿಡಿದು ವಾಪಸ್ ಹೋದರು. ಅವರ ಮನೆಯಲ್ಲಿ ವೈಫೈ ಇಲ್ಲ. ಆದರೂ ಆ ಗುಂಡಿಯ ದಂಡ ಕಟ್ಟಿದ್ದು ಅವರು. ಪಿಂಚಣಿ, ಪಹಣಿ, ಪಡಿತರ ಎಲ್ಲವನ್ನೂ ಆನ್‌ಲೈನ್ ಮಾಡಿದ್ದೀವಿ. ಒಳ್ಳೆಯದೇ. ಆದರೆ ಆ ಲೈನ್ ಎಷ್ಟು ಗಟ್ಟಿ ಅಂತ ಯಾರಾದರೂ ನೋಡಿದ್ದೀವಾ?

ಇದು ತಿಳವಳ್ಳಿಯ ಕಥೆ ಮಾತ್ರ ಅಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದಡಿಯ ಎರಡು ಕೇಬಲ್ ತುಂಡಾದವು. ಭಾರತದಿಂದ ಹೊರಗೆ ಹೋಗುವ ಸಾಮರ್ಥ್ಯದಲ್ಲಿ ಸುಮಾರು ಅರ್ಧ ಒಂದೇ ದಿನದಲ್ಲಿ ಹೋಯ್ತು. ಹಲವಾರು ಕಂಪನಿಗಳ ನೆಟ್ ಒಟ್ಟಿಗೆ ಕುಂಟಿತು, ಯಾಕಂದ್ರೆ ಎಲ್ಲರೂ ಅದೇ ದಾರಿಯಲ್ಲಿದ್ದರು. 2011ರ ಮಾರ್ಚ್‌ನಲ್ಲಿ ಜಾರ್ಜಿಯಾ ದೇಶದಲ್ಲಿ 75 ವರ್ಷದ ಅಜ್ಜಿಯೊಬ್ಬಳು ಗುಜರಿಗೆ ಮಾರೋಕೆ ತಾಮ್ರ ಹುಡುಕುತ್ತಾ ಸಲಿಕೆಯಿಂದ ಅಗೆದಳು. ಕಡಿದದ್ದು ಫೈಬರ್. ಪಕ್ಕದ ಅರ್ಮೇನಿಯಾ ದೇಶದ ಬಹುಪಾಲು ಜನರಿಗೆ ಗಂಟೆಗಟ್ಟಲೆ ಇಂಟರ್ನೆಟ್ ಇರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕೆ ಉಲ್ಟಾ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತಿದ್ದು ನಿಮಗೆ ನೆನಪಿರಬಹುದು. ಅವತ್ತು ಎಷ್ಟೋ ಜನ ನಮ್ಮ ನೆಟ್ಟೇ ಹೋಗಿದೆ ಅಂತ ಡಬ್ಬಿ ಆಫ್ ಮಾಡಿ ಆನ್ ಮಾಡಿದರು. ಯಾವ ಕೇಬಲ್ಲೂ ಕಡಿದಿರಲಿಲ್ಲ. ಆ ಕಂಪನಿಯ ಒಳಗೇ ಒಂದು ತಪ್ಪು ಆದೇಶ ಹೋಗಿ, ತಮ್ಮ ಸರ್ವರ್‌ಗೆ ಬರುವ ದಾರಿಯನ್ನು ತಾವೇ ಜಗತ್ತಿನ ನಕ್ಷೆಯಿಂದ ಅಳಿಸಿಕೊಂಡಿದ್ದರು. ಅವತ್ತು ಬೇರೆ ಯಾವುದಾದರೂ ಒಂದು ವೆಬ್‌ಸೈಟ್ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ಹಾಗಾದರೆ ದಾರಿ ಏನು? ಮೊದಲನೆಯದು, ಅಗೆಯುವ ಮುನ್ನ ಕೇಳಬೇಕು. ಇದಕ್ಕೆ ಅಂತಲೇ ಒಂದು ಆ್ಯಪ್ ಇದೆ, ಹೆಸರು 'ಕಾಲ್ ಬಿಫೋರ್ ಯು ಡಿಗ್'. 2023ರ ಮಾರ್ಚ್ 22ರಂದು ಪ್ರಧಾನಿಯವರೇ ಬಿಡುಗಡೆ ಮಾಡಿದರು. ಅಗೆಯುವವರು ಜಾಗ ನಮೂದಿಸಿದರೆ, ಅಲ್ಲಿ ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತೆ. ಹೀಗೆ ಕೇಳದೇ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಹೇಳಿದೆ. ನಿಮ್ಮ ಊರಲ್ಲಿ ಜೆಸಿಬಿ ಬಂದಾಗ ಗುತ್ತಿಗೆದಾರರನ್ನು ಒಂದು ಮಾತು ಕೇಳಿ: ಆ್ಯಪ್‌ನಲ್ಲಿ ಹಾಕಿದ್ದೀರಾ?

ಎರಡನೆಯದು ಇನ್ನೂ ಮುಖ್ಯ. ಊರಿಗೆ ಎರಡು ದಾರಿ ಬೇಕು. ಹಾನಗಲ್ ಕಡೆಯಿಂದ ಒಂದು ಎಳೆ, ಹಿರೇಕೆರೂರು ಕಡೆಯಿಂದ ಇನ್ನೊಂದು. ಒಂದು ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತೆ. ಇದಕ್ಕೆ ರಿಂಗ್ ಅಂತಾರೆ. ಹಳ್ಳಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆಗ ಹೆಚ್ಚಾಗಿ ಎಳೆದದ್ದು ಒಂದೇ ಸಾಲಿನ ದಾರಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ತಿದ್ದಿದ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಅದರಲ್ಲಿ ರಿಂಗ್ ಮಾಡುತ್ತೇವೆ ಅಂತಿದೆ. ನಮ್ಮ ಪಂಚಾಯಿತಿಗೆ ಆ ರಿಂಗ್ ಯಾವಾಗ ಅಂತ ಗ್ರಾಮಸಭೆಯಲ್ಲಿ ಕೇಳೋದು ನಮ್ಮ ಹಕ್ಕು. ರಸ್ತೆ ಕೇಳ್ತೀವಿ, ಬಸ್ ಕೇಳ್ತೀವಿ, ಇದನ್ನೂ ಕೇಳಬೇಕು.

ಮೂರನೆಯದು ದುಡ್ಡಿನ ಮಾತು. ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ, ಮನೆಯ ಲೈನ್ ಕೆಟ್ಟು ಮೂರು ದಿನ ದಾಟಿದರೆ ನಿಮಗೆ ಪರಿಹಾರ ಸಿಗಬೇಕು. ಅದಕ್ಕೆ ನೀವು ದೂರು ಕೊಟ್ಟಿರಬೇಕು, ಡಾಕೆಟ್ ನಂಬರ್ ಬರೆದಿಟ್ಟುಕೊಂಡಿರಬೇಕು. ಕೇಬಲ್ ಹುಡುಗನಿಗೆ ಬೈದರೆ ಡಾಕೆಟ್ ನಂಬರ್ ಸಿಗಲ್ಲ.

ಕೊನೆಗೆ ಒಂದು ಮಾತು. ಮನೆಗೆ ಎರಡು ಕಂಪನಿಯ ನೆಟ್ ಹಾಕಿಸಿದರೆ ನಿಶ್ಚಿಂತೆ ಅಂತ ಕೆಲವರು ತಿಳ್ಕೊಂಡಿದ್ದಾರೆ. ಹಾಕಿಸೋ ಮೊದಲು ಕೇಳಿ, ನಿಮ್ಮಿಬ್ಬರ ಎಳೆ ಊರಿಗೆ ಬರೋದು ಯಾವ ರಸ್ತೆಯಿಂದ ಅಂತ. ಎರಡು ಬಿಲ್ ಕಟ್ಟಿದ ಮಾತ್ರಕ್ಕೆ ಎರಡು ದಾರಿ ಆಗಲ್ಲ.

ಮುಂದಿನ ಸಲ ನೆಟ್ ಹೋದಾಗ ಡಬ್ಬಿಯ ಸ್ವಿಚ್ಚಿಗೆ ಕೈ ಹಾಕೋಕೆ ಮುಂಚೆ ದೀಪ ನೋಡಿ, ಆಮೇಲೆ ಪಕ್ಕದ ಮನೆಯವರನ್ನು ಕೇಳಿ. ಅವರದ್ದೂ ಇಲ್ಲ ಅಂದ್ರೆ, ಕಾಕಾ ಹೇಳಿದ ಹಾಗೆ, ಅದು ನಿಮ್ಮ ಗದ್ದೆಯಲ್ಲಿಲ್ಲ.