ಏರಿ ಒಡೆಯುವ ಮುಂಚಿನ ಹಣ



ಪ್ರವಾಹದ ಮಾತು ಸಾಮಾನ್ಯವಾಗಿ ಮಳೆಯಿಂದ ಶುರುವಾಗುತ್ತದೆ. ಇವತ್ತು ಈ ಸಂಕಿರಣದಲ್ಲಿ ಅದನ್ನು ಲೆಕ್ಕಪತ್ರದಿಂದ ಶುರುಮಾಡೋಣ ಎಂಬುದು ನನ್ನ ಆಶಯ. ಕಟ್ಟಿದ ಏರಿಯನ್ನು ಕಾಪಾಡುವ ಖರ್ಚು ಯಾವ ಬಾಬ್ತಿನಿಂದ ಬರಬೇಕು, ಬರದೆ ಹೋದರೆ ಯಾರನ್ನು ಕೇಳಬೇಕು?

2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಕೋಸಿ ನದಿಯ ಪೂರ್ವದ ಏರಿ ಒಡೆಯಿತು. ಆ ಹೊತ್ತಿನಲ್ಲಿ ನದಿಯಲ್ಲಿ ಹರಿಯುತ್ತಿದ್ದದ್ದು ಎರಡು ಲಕ್ಷ ಕ್ಯುಸೆಕ್ಸ್‌ಗೂ ಕಡಿಮೆ. ಏರಿಯನ್ನು ವಿನ್ಯಾಸ ಮಾಡಿದ್ದು ಒಂಬತ್ತೂವರೆ ಲಕ್ಷ ಕ್ಯುಸೆಕ್ಸ್‌ಗೆ. ಅಂದರೆ ನೀರು ಏರಿಯ ನೆತ್ತಿ ಹತ್ತಿ ಇಳಿಯಲಿಲ್ಲ. ದಡದಿಂದ ನದಿಯೊಳಕ್ಕೆ ಚಾಚಿದ್ದ ಸ್ಪರ್‌ಗಳನ್ನು ದಿನಗಟ್ಟಲೆ ಕೊರೆದು, ಆಮೇಲೆ ಏರಿಯ ಬುಡಕ್ಕೆ ಬಂತು. 1954ರ ಭಾರತ–ನೇಪಾಳ ಒಪ್ಪಂದದಿಂದ ಹುಟ್ಟಿದ ಆ ಏರಿಯನ್ನು ನೋಡಿಕೊಳ್ಳುವ ಹೊಣೆ ನಮ್ಮ ದೇಶದ್ದೇ. ಬಿಹಾರವೊಂದರಲ್ಲೇ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕಿದರು.

ಆಗಸ್ಟ್ 28ರಂದು ಪ್ರಧಾನಿ ಮನಮೋಹನ್ ಸಿಂಗ್ ಇದನ್ನು ರಾಷ್ಟ್ರೀಯ ವಿಪತ್ತು ಎಂದು ಕರೆದು 1,000 ಕೋಟಿ ರೂಪಾಯಿ ಮತ್ತು 1.25 ಲಕ್ಷ ಟನ್ ಧಾನ್ಯದ ನೆರವು ಪ್ರಕಟಿಸಿದರು. ಕೊಡಬೇಕಾದದ್ದೇ, ಕೊಟ್ಟರು. ಆದರೆ ಏರಿ ಒಡೆದ ಹತ್ತೇ ದಿನಕ್ಕೆ ಸಾವಿರ ಕೋಟಿ ಹೊರಡಿಸಬಲ್ಲ ಸರ್ಕಾರಿ ಯಂತ್ರಕ್ಕೆ, ಸ್ಪರ್ ಜರಿಯುತ್ತಿದ್ದಾಗ ಕಲ್ಲು, ಜಾಲರಿ, ಆಳುಗಳನ್ನು ಸಕಾಲಕ್ಕೆ ಅಲ್ಲಿಗೆ ಮುಟ್ಟಿಸಲು ಆಗಲಿಲ್ಲ.

ಇದನ್ನು ಬರೀ ಅಧಿಕಾರಿಗಳ ಅಲಕ್ಷ್ಯ ಎಂದು ಕೈತೊಳೆದುಕೊಂಡರೆ ನಾವು ಇಲ್ಲಿ ಸೇರುವ ಅಗತ್ಯವಿಲ್ಲ. ಅಲಕ್ಷ್ಯಕ್ಕೆ ನಮ್ಮ ಬಜೆಟ್‌ನಲ್ಲೇ ಜಾಗ ಇದೆ. ಹೊಸ ಏರಿ ಎಂದರೆ ಬಂಡವಾಳ ವೆಚ್ಚ. ಅದಕ್ಕೆ ಸಾಲ ಎತ್ತಬಹುದು, ಕೇಂದ್ರದ ಪಾಲು ಕೇಳಬಹುದು, ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ನಿರ್ವಹಣೆ ಎಂದರೆ ರಾಜಸ್ವ ವೆಚ್ಚ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಎಲ್ಲ ಕಳೆದು ಉಳಿದದ್ದರಲ್ಲಿ ಅದರ ಪಾಲು. ಖರ್ಚು ಕಡಿತ ಮಾಡಿ ಎಂಬ ಸುತ್ತೋಲೆ ಬಂದರೆ ಮೊದಲ ಕತ್ತರಿ ಬೀಳುವುದೂ ಅದಕ್ಕೇ.

ವಿಪತ್ತಿನ ಹಣದ ಕಡೆ ನೋಡಿ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗಳಿಗೆಂದು ಗೊತ್ತುಮಾಡಿದ್ದು 1,60,153 ಕೋಟಿ ರೂಪಾಯಿ. ಅದರಲ್ಲಿ ಶೇ. 80 ಸ್ಪಂದನಾ ನಿಧಿಗೆ, ಶೇ. 20 ಉಪಶಮನ ನಿಧಿಗೆ. ಅನಾಹುತಕ್ಕೆ ಮೊದಲೇ ಖರ್ಚು ಮಾಡಲೆಂದು ಹೀಗೆ ಬೇರೆ ಹಣ ತೆಗೆದಿಟ್ಟದ್ದು ದೊಡ್ಡ ಹೆಜ್ಜೆಯೇ. ಆದರೆ ಪ್ರವಾಹ ತಡೆಯುವ ಏರಿ, ಕಡಲ ತಡೆಗೋಡೆಯಂಥ ದೊಡ್ಡ ಕಾಮಗಾರಿಗಳನ್ನು ಈ ಉಪಶಮನ ನಿಧಿಯಿಂದ ಮಾಡಬಾರದು, ಮಾಮೂಲಿ ಅಭಿವೃದ್ಧಿ ಯೋಜನೆಗಳಲ್ಲೇ ಮಾಡಬೇಕು ಎಂದೂ ಆಯೋಗ ಹೇಳಿತು. ಒಂದು ದೊಡ್ಡ ಕಾಮಗಾರಿ ಇಡೀ ನಿಧಿಯನ್ನು ನುಂಗೀತು ಎಂಬ ಅಂಜಿಕೆ ಸಹಜ. ಫಲ ಮಾತ್ರ ಹೀಗಾಗಿದೆ: ಇಲಿ ಕೊರೆದ ಬಿಲ ಮುಚ್ಚುವುದು, ಏರಿಯ ಮೇಲೆ ಬೆಳೆದ ಗಿಡ ಕೀಳುವುದು, ಜರಿದ ಕಲ್ಲುಹೊದಿಕೆ ಕೂಡಿಸುವುದು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಉಳಿದಿವೆ.

ಕನ್ನಡ ನಾಡು ಈ ಸಮಸ್ಯೆಯನ್ನು ಕೆರೆಗಳ ವಿಷಯದಲ್ಲಿ ಬಹಳ ಹಿಂದೆಯೇ ಎದುರಿಸಿತ್ತು. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ಸರಿಪಡಿಸಿದವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ದತ್ತಿಗಳನ್ನು ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆ ಏರಿಗಳಿಗೆ ಮಣ್ಣು ಹೊತ್ತವರಿಗೂ ನೀರಿನ ಫಲ ಉಂಡವರಿಗೂ ನಡುವೆ ದೊಡ್ಡ ಅಂತರವಿತ್ತು. ಉಳಿಸಿಕೊಳ್ಳಬೇಕಾದದ್ದು ಆ ವ್ಯವಸ್ಥೆಯ ಹಣಕಾಸಿನ ವಿವೇಕವನ್ನು. ಏರಿಯ ಖರ್ಚನ್ನು ಒಂದು ಖಚಿತ ಹುಟ್ಟುವಳಿಗೆ ಗಂಟು ಹಾಕಿದ್ದರು. ವರ್ಷವರ್ಷವೂ ಅರಮನೆಯ ಮರ್ಜಿ ಕಾಯಬೇಕಿರಲಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಇದೇ ವಿವೇಕ ಇವತ್ತು ಕಾನೂನಾಗಿದೆ. ಅಲ್ಲಿನ 21 ಜಲಮಂಡಳಿಗಳಿಗೆ ಚುನಾವಣೆ ನಡೆಯುತ್ತದೆ, ಸ್ವಂತ ತೆರಿಗೆ ಎತ್ತುವ ಅಧಿಕಾರ ಇದೆ. ಮುಖ್ಯ ಏರಿಗಳನ್ನು ಬಲಪಡಿಸುವ ವೆಚ್ಚವನ್ನು 2014ರಿಂದ ಕೇಂದ್ರ ಸರ್ಕಾರವೂ ಮಂಡಳಿಗಳೂ ಅರ್ಧರ್ಧ ಹೊರುತ್ತವೆ. 1953ರ ಪ್ರವಾಹದಲ್ಲಿ 1,836 ಜನರನ್ನು ಕಳೆದುಕೊಂಡ ದೇಶ ಅದು. ಆದರೆ ಆ ತೆರಿಗೆಯನ್ನು ಹಾಗೆಯೇ ತಂದು ಬಿಹಾರದ ಸುಪೌಲ್‌ನ ರೈತನ ಮೇಲೆ ಹೇರಲಾಗದು. ಅಲ್ಲಿ ಕೋಸಿಯ ಎರಡು ಏರಿಗಳ ನಡುವೆ ಸಿಕ್ಕಿದ ಹಳ್ಳಿಗಳು ತಮ್ಮ ಹೊಲಗಳನ್ನೇ ತೆತ್ತಿವೆ. ಏರಿಯಾಚೆಯವರ ರಕ್ಷಣೆಗಾಗಿ ಮುಳುಗುವವರಿಂದ ಮತ್ತೆ ವಸೂಲಿ ಮಾಡುವುದು ನ್ಯಾಯವಲ್ಲ.

ಇನ್ನೊಂದು ಕಹಿ ಸತ್ಯ ಇದೆ. 1954ರಲ್ಲಿ ಬಿಹಾರದಲ್ಲಿದ್ದ ಏರಿಗಳ ಉದ್ದ ಸುಮಾರು 160 ಕಿಲೋಮೀಟರ್. ಈಗ ಅದು 3,700 ಕಿಲೋಮೀಟರ್ ದಾಟಿದೆ. ಇದೇ ಅವಧಿಯಲ್ಲಿ ಪ್ರವಾಹಕ್ಕೆ ತುತ್ತಾಗಬಲ್ಲ ಪ್ರದೇಶ 25 ಲಕ್ಷ ಹೆಕ್ಟೇರ್‌ನಿಂದ 68 ಲಕ್ಷ ಹೆಕ್ಟೇರ್‌ಗೆ ಏರಿತು. ಏರಿಗಳ ನಡುವೆ ಹೂಳು ಕೂತು ನದಿಯ ಪಾತ್ರ ಮೇಲೇಳುತ್ತದೆ, ಏರಿಯನ್ನು ಮತ್ತೆ ಎತ್ತರಿಸಬೇಕಾಗುತ್ತದೆ. ಹೊರಗಿನ ಮಳೆನೀರು ನದಿ ಸೇರಲಾರದೆ ಹೊಲದಲ್ಲೇ ನಿಲ್ಲುತ್ತದೆ. ಐವತ್ತು ವರ್ಷದ ನಿರ್ವಹಣೆಯ ಖರ್ಚನ್ನು ಮೊದಲ ದಿನವೇ ಅಂದಾಜುಪಟ್ಟಿಗೆ ಸೇರಿಸಿದ್ದರೆ ಇವುಗಳಲ್ಲಿ ಎಷ್ಟು ಏರಿಗಳಿಗೆ ಮಂಜೂರಾತಿ ಸಿಗುತ್ತಿತ್ತು? ಹಾಗಾಗಿ ನಿರ್ವಹಣೆಗೆ ಹಣ ಕೇಳುವುದೆಂದರೆ ಇರುವ ಏರಿಗಳನ್ನೆಲ್ಲ ಕಣ್ಣುಮುಚ್ಚಿ ಉಳಿಸುವುದಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಡಬೇಕು ಎಂದು ತೀರ್ಮಾನಿಸುವ ಧೈರ್ಯ ಆ ಲೆಕ್ಕದಿಂದಲೇ ಬರಬೇಕು.

ಮುಂದಿನ ಗೋಷ್ಠಿಗಳ ಮುಂದೆ ಇಡುವ ಕೋರಿಕೆಗಳು ಇವು. ನಿರ್ವಹಣೆಯ ಪೂರ್ತಿ ವೆಚ್ಚ ಮತ್ತು ಅದರ ಮೂಲ ತೋರಿಸದ ಯಾವ ಹೊಸ ಏರಿಗೂ ಒಪ್ಪಿಗೆ ಸಿಗದಂಥ ನಿಯಮವನ್ನು ರೂಪಿಸಿ. ಆ ಹಣವನ್ನು ಬೇರೆ ಬಾಬ್ತಿಗೆ ತಿರುಗಿಸಲಾಗದ ಲೆಕ್ಕಶೀರ್ಷಿಕೆ ಹೇಗಿರಬೇಕೆಂದು ಹಣಕಾಸು ತಜ್ಞರು ಬರೆದುಕೊಡಲಿ. ಮಳೆ ನಿಂತು ನೆಲ ಒಣಗುವ ನವೆಂಬರ್‌ನಲ್ಲೇ ಹಣ ಕೈಸೇರಬೇಕು. ಮಾರ್ಚ್ 31ಕ್ಕೆ ಬಿಡುಗಡೆಯಾಗುವ ಅನುದಾನದಿಂದ ಬಿಲ್ಲು ಪಾಸಾದೀತೇ ಹೊರತು ಏರಿ ಗಟ್ಟಿಯಾಗದು. ಪ್ರತಿ ಏರಿಯ ತಪಾಸಣಾ ವರದಿ ಮಳೆಗಾಲಕ್ಕೆ ಮೊದಲು ಆಯಾ ಪಂಚಾಯಿತಿಯ ಗೋಡೆಯ ಮೇಲೆ ಇರಲಿ. ಎರಡು ದಿನದ ಚರ್ಚೆ ಇಷ್ಟನ್ನು ಕರಡಾಗಿ ಕೊಟ್ಟರೆ, ಅದನ್ನು ಸರ್ಕಾರದ ಮುಂದಿಟ್ಟು ಉತ್ತರ ಕೇಳುವ ಹಕ್ಕು ನಮಗೆ ಬರುತ್ತದೆ.