ಹನ್ನೆರಡು ಪದ, ಯಾರಿಗೂ ಹೇಳ್ಬೇಡಿ

ವೀಕ್ಷಕರೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಬಂದು ಎಷ್ಟೋ ವರ್ಷ ಆಯ್ತು. ಫಸಲು ಕೈಕೊಟ್ಟ ಮನೆಗೆ ‘ಬಿಟ್‌ಕಾಯಿನ್ ಹಾಕಿ, ತಿಂಗಳಲ್ಲಿ ಡಬಲ್’ ಅನ್ನೋ ವಾಟ್ಸಾಪ್ ಸಂದೇಶ ಬಂದ್ರೆ ಆಸೆ ಆಗೋದು ಸಹಜ. ನಾನು ಎಂಜಿನಿಯರಿಂಗ್ ಓದಿದವನು, ನೇರವಾಗಿ ಹೇಳ್ತೀನಿ: ಡಬಲ್ ಅಂದವನು ಕಳ್ಳ.

ಈಗಾಗಲೇ ಕೊಂಡಿದ್ದೀರಾ? ಹಾಗಾದ್ರೆ ಕೇಳಿ. ಎಕ್ಸ್‌ಚೇಂಜ್‌ನಲ್ಲಿಟ್ಟ ಕಾಯಿನ್, ಮಂಡಿಯಲ್ಲಿ ಬಿಟ್ಟುಬಂದ ಅಡಿಕೆ ಇದ್ದ ಹಾಗೆ. ಬೀಗದ ಕೈ ಅವರ ಹತ್ತಿರ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೊ ಕಳುವಾಯ್ತು. ಗ್ರಾಹಕರು ತಮ್ಮ ಕಾಯಿನ್‌ಗಾಗಿ ವರ್ಷಕ್ಕೂ ಹೆಚ್ಚು ಕಾದರು.

ಸ್ವಂತ ವಾಲೆಟ್ ಮಾಡಿಕೊಂಡರೆ ಬೀಗದ ಕೈ ನಿಮ್ಮದೇ: 12 ಅಥವಾ 24 ಇಂಗ್ಲಿಷ್ ಪದಗಳು. ಹಾಳೆಯಲ್ಲಿ ಬರೆದು, ಮಳೆಗಾಲದ ತೇವ ತಾಗದಂತೆ, ತೋಟದ ಪತ್ರಗಳ ಜೊತೆ ಇಡಿ. ಫೋಟೊ ತೆಗೀಬೇಡಿ. ‘ಕಸ್ಟಮರ್ ಕೇರ್’ ಅಂತ ಕೇಳಿದರೂ ಹೇಳಬೇಡಿ. ಆ ಪದ ಕಳ್ಳನ ಕೈಗೆ ಹೋದರೆ ದುಡ್ಡೂ ಹೋಯ್ತು. ತಡೆಹಿಡಿಯೋಕೆ ಅಲ್ಲಿ ಬ್ಯಾಂಕ್ ಮ್ಯಾನೇಜರ್ ಇಲ್ಲ.

ಮೋಸ ಹೋದಿರಾ? ತಕ್ಷಣ 1930ಕ್ಕೆ ಕರೆ ಮಾಡಿ. ಊರಲ್ಲಿ ಮರ್ಯಾದೆ ಹೋಗುತ್ತೆ ಅಂತ ನೀವು ಸುಮ್ಮನಿದ್ದಷ್ಟೂ ಕಳ್ಳ ದೂರ ಹೋಗ್ತಾನೆ. ನಾಚಿಕೆಪಡಬೇಕಾದವನು ಅವನು, ನೀವಲ್ಲ.