ಮನೆಪಾಠದ ಮೇಷ್ಟರನ್ನು ಹುಡುಕಿದ್ದು

(ಸಂಘದ ಪಾಲಕರ ಕೂಟದಲ್ಲಿ ಮಾಡಿದ ಭಾಷಣ)



ಹೈಸ್ಕೂಲಿನ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸಲು ಮನೆಪಾಠದ ಉಪಾಧ್ಯಾಯರನ್ನು ಹುಡುಕುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ನಾನು ಉಪಾಧ್ಯಾಯನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ಗುಮಾಸ್ತ. ಕಾರ್ಯದರ್ಶಿಗಳು ಬಿಡಲಿಲ್ಲ. “ಒಂದೇ ವರ್ಷದಲ್ಲಿ ಮೂರು ಕಡೆ ಪಾಠ ಹೇಳಿಸಿದವರು ನೀವು, ಈ ಊರಿನ ಕನ್ನಡಿಗರಲ್ಲಿ ನಿಮಗಿಂತ ಅನುಭವಸ್ಥರು ಯಾರಿದ್ದಾರೆ?” ಎಂದರು. ಅದು ಹೊಗಳಿಕೆಯೋ ಚುಚ್ಚುಮಾತೋ ನನಗೆ ಇನ್ನೂ ತಿಳಿದಿಲ್ಲ. ಅಂತೂ ನನ್ನ ಅನುಭವವನ್ನು, ಅದರಲ್ಲಿಯೂ ಹೆಚ್ಚಾಗಿ ನನ್ನ ತಪ್ಪುಗಳನ್ನು, ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಊರು ಮಂಜೇಶ್ವರ ತಾಲೂಕಿನ ಒಂದು ಹಳ್ಳಿ. 1956ರ ನವೆಂಬರ್ 1ರಂದು ಇತ್ತ ಕೇರಳವೂ ಅತ್ತ ವಿಶಾಲ ಮೈಸೂರೂ ಒಂದೇ ದಿನ ಹುಟ್ಟಿದವಷ್ಟೆ. ಆ ದಿನ ಗಡಿಯ ಈಚೆಗೆ ಉಳಿದವರು ನಮ್ಮ ಹಿರಿಯರು. ಆದುದರಿಂದ ನಾವು ಮನೆಯಲ್ಲಿ ಕನ್ನಡದವರು, ಸರಕಾರದ ಪಟ್ಟಿಯಲ್ಲಿ ಕೇರಳದವರು. ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಮುಂದೆ ಇದರ ಕೆಲಸವುಂಟು.

ನನ್ನ ಅಕ್ಕನ ಮಗ ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ನಾನು ತಿರುವನಂತಪುರದ ಶಾಖೆಯಲ್ಲಿದ್ದಾಗ ರಜೆಯಲ್ಲಿ ಒಮ್ಮೆ ನಮ್ಮ ಮನೆಗೆ ಬಂದಿದ್ದ. ಅವನನ್ನು ಶಂಖುಮುಖದ ಕಡಲ ತೀರಕ್ಕೂ ಮೃಗಾಲಯಕ್ಕೂ ಕರೆದುಕೊಂಡು ಹೋದೆ. ಅವು ಯಾವುವೂ ಅವನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಕಳಕ್ಕೂಟಂನಲ್ಲಿ ಸೈನಿಕ ಶಾಲೆಯ ಮುಂದೆ ಬಸ್ಸು ಹಾದುಹೋಗುವಾಗ ಸಮವಸ್ತ್ರದ ನಾಲ್ಕಾರು ಹುಡುಗರು ಕಂಡರು, ಅದೊಂದೇ ನಿಂತಿತು. “ಮಾವ, ಅಲ್ಲಿ ಸೇರುವುದು ಹೇಗೆ?” ಎಂದು ಕೇಳಿದ.

ಸೇರುವುದು ಹೇಗೆಂದು ಆಗಲೇ ವಿಚಾರಿಸಿದ್ದರೆ ಈ ಭಾಷಣದ ಅಗತ್ಯ ಬೀಳುತ್ತಿರಲಿಲ್ಲ. ಕೃಷ್ಣ ಮೆನನ್ನರು ರಕ್ಷಣಾ ಸಚಿವರಾಗಿದ್ದ ಕಾಲದಲ್ಲಿ ಪ್ರಾರಂಭವಾದ ಈ ಶಾಲೆಗಳಲ್ಲಿ ಕಳಕ್ಕೂಟಂನದು 1962ರದು. ನಮ್ಮ ವಿಜಯಪುರದ್ದು 1963ರದು. ಕೊಡಗಿನ ಕೂಡಿಗೆಯದು ಬಹಳ ತಡವಾಗಿ, 2007ರಲ್ಲಿ ಬಂದಿತು. ಪ್ರವೇಶ ಆರನೆಯ ತರಗತಿಗೆ ಮತ್ತು ಒಂಬತ್ತನೆಯ ತರಗತಿಗೆ. ಎರಡಕ್ಕೂ ಅಖಿಲ ಭಾರತ ಮಟ್ಟದ ಒಂದೇ ದಿನದ ಪರೀಕ್ಷೆ. ಆರನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು, ಮಲಯಾಳದಲ್ಲಿಯೂ ಬರೆಯಬಹುದು. ಒಂಬತ್ತನೆಯದು ಇಂಗ್ಲಿಷಿನಲ್ಲಿ ಮಾತ್ರ. ಈ ಒಂದು ಸಾಲನ್ನು ನಾನು ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ಓದಲಿಲ್ಲ, ಹದಿಮೂರು ತುಂಬುವ ಹೊತ್ತಿಗೆ ಓದಿದೆ. ದಿನವಿಡೀ ಇತರರ ಅರ್ಜಿಯಲ್ಲಿ ತಪ್ಪು ಹುಡುಕಿ ಹಿಂದಿರುಗಿಸುವವನು ನಾನು! ಸಭೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳ ತಂದೆತಾಯಿಯರಿದ್ದರೆ, ಮೇಷ್ಟರನ್ನು ಹುಡುಕುವ ಮೊದಲು ಮಾಹಿತಿ ಪುಸ್ತಿಕೆಯನ್ನು ಆದಿಯಿಂದ ಅಂತ್ಯದವರೆಗೆ ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅದೇ ಪುಸ್ತಿಕೆಯಲ್ಲಿ ಇನ್ನೊಂದು ಮಾತು ಇರುತ್ತದೆ. ಸ್ಥಾನಗಳಲ್ಲಿ ನೂರಕ್ಕೆ 67 ಶಾಲೆಯಿರುವ ರಾಜ್ಯದ ನಿವಾಸಿಗಳಿಗೆ, 33 ಹೊರರಾಜ್ಯದವರಿಗೆ. ನಮ್ಮ ಹುಡುಗ ಕಾಸರಗೋಡು ಜಿಲ್ಲೆಯವನಾದ್ದರಿಂದ ಕಳಕ್ಕೂಟಂಗೆ ಒಳಗಿನವನಾದ. ಉಡುಪಿ, ಶಿವಮೊಗ್ಗ, ಧಾರವಾಡಗಳಿಂದ ಬಂದು ಇಲ್ಲಿ ನೆಲೆಸಿದ್ದರೂ ನಿವಾಸಪತ್ರ ಊರಿನದೇ ಆಗಿರುವವರು ಹೊರಗಿನವರಾಗುತ್ತಾರೆ. ಅವರ ಮಕ್ಕಳಿಗೆ ವಿಜಯಪುರ, ಕೊಡಗು ಶಾಲೆಗಳು ಒಳಗಿನವು. ನವೋದಯ ವಿದ್ಯಾಲಯದ ಕ್ರಮವೇ ಬೇರೆ. ಅಲ್ಲಿ ರಾಜ್ಯದ ಲೆಕ್ಕವಿಲ್ಲ, ಜಿಲ್ಲೆಯ ಲೆಕ್ಕ: ಮಗು ಯಾವ ಜಿಲ್ಲೆಯಲ್ಲಿ ವಾಸವಾಗಿದ್ದು ಓದುತ್ತಿದೆಯೋ ಆ ಜಿಲ್ಲೆಯ ವಿದ್ಯಾಲಯಕ್ಕೇ ಅರ್ಜಿ. ಎರ್ನಾಕುಳಂ ಜಿಲ್ಲೆಗೆ ನೇರ್ಯಮಂಗಲದಲ್ಲಿ ಒಂದುಂಟು. ಅದರ ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹಿಂದಿಗೂ ಅಂಕಗಳಿರುವುದರಿಂದ ನಮ್ಮ ಹುಡುಗ ಆ ಕಡೆ ತಿರುಗಿಯೂ ನೋಡಲಿಲ್ಲ.

2023ರಲ್ಲಿ ನನಗೆ ಕೊಚ್ಚಿಗೆ ವರ್ಗವಾಯಿತು. ಜೂನ್ ತಿಂಗಳಲ್ಲಿ ಅಕ್ಕ ಹುಡುಗನನ್ನು ಪರಶುರಾಂ ರೈಲಿನಲ್ಲಿ ಕರೆತಂದು ಬಿಟ್ಟುಹೋದಳು. ಎಂಟನೆಯ ತರಗತಿಗೆ ಇಲ್ಲಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆ. ಪರೀಕ್ಷೆ ಮರುವರ್ಷದ ಜನವರಿಯಲ್ಲಿ. ಏಳು ತಿಂಗಳ ಅವಕಾಶ. ಹೊರಡುವಾಗ ಅಕ್ಕ ಹೇಳಿದ ಮಾತು ಇಷ್ಟೇ: “ಸೀಟು ಸಿಕ್ಕದಿದ್ದರೆ ಚಿಂತೆಯಿಲ್ಲ. ದಡ್ಡನೆಂದು ಅನ್ನಿಸಿಕೊಂಡು ಮಾತ್ರ ಬರುವುದು ಬೇಡ.”

ಬ್ಯಾಂಕಿನವನಾದ್ದರಿಂದ ಮೊದಲು ಲೆಕ್ಕ ಹಾಕಿದೆ. ಒಟ್ಟು 400 ಅಂಕ, ಮೂರು ಗಂಟೆ. ಗಣಿತದಲ್ಲಿ 50 ಪ್ರಶ್ನೆ, ಒಂದೊಂದಕ್ಕೆ 4ರಂತೆ 200 ಅಂಕ. ಇಂಗ್ಲಿಷ್, ವಿಜ್ಞಾನ, ಸಮಾಜ, ಬುದ್ಧಿಪರೀಕ್ಷೆ, ಈ ನಾಲ್ಕರಲ್ಲಿ ಒಂದೊಂದಕ್ಕೆ 50. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರತಿ ವಿಷಯದಲ್ಲೂ ನೂರಕ್ಕೆ 25, ಒಟ್ಟಿನಲ್ಲಿ ನೂರಕ್ಕೆ 40 ಬಂದರೆ ತೇರ್ಗಡೆ. ಆದರೆ ಸ್ಥಾನ ದೊರೆಯುವುದು ಅಂಕಗಳ ಕ್ರಮದಲ್ಲಿ, ಮತ್ತು ಒಂಬತ್ತನೆಯ ತರಗತಿಗೆ ಇರುವ ಸ್ಥಾನಗಳು ಆರನೆಯದಕ್ಕಿಂತ ಬಹಳ ಕಡಿಮೆ. ಅರ್ಧದಷ್ಟು ಅಂಕ ಗಣಿತದಲ್ಲೇ ಇದ್ದ ಮೇಲೆ ಗಣಿತದ ಮೇಷ್ಟರೇ ಬೇಕೆಂದು ತೀರ್ಮಾನಿಸಿದೆ. ಈ ತೀರ್ಮಾನ ಸರಿಯಾಗಿಯೇ ಇದ್ದಿತು. ಹುಡುಕಿದ ರೀತಿ ಸರಿಯಿರಲಿಲ್ಲ.

ಶಾಲೆಯ ಗಣಿತದ ಉಪಾಧ್ಯಾಯರನ್ನೇ ಮೊದಲು ಕೇಳಿಕೊಂಡೆ. ಅವರು ನಕ್ಕು, ಹಾಗೆ ಮಾಡುವಂತಿಲ್ಲ ಎಂದರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 28ನೆಯ ಕಲಮು ಶಾಲಾ ಉಪಾಧ್ಯಾಯರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ನಮ್ಮವರಲ್ಲಿ ಅನೇಕರು ಇದನ್ನು ತಿಳಿಯದೆ ಒಳ್ಳೆಯ ಉಪಾಧ್ಯಾಯರನ್ನು ಸಂಕೋಚಕ್ಕೆ ಗುರಿಮಾಡುತ್ತಾರೆ. ನಾನೂ ಮಾಡಿದೆ.

ಈ ನಾಡಿನಲ್ಲಿ ಟ್ಯೂಷನ್ನಿನ ಫಲಕವಿಲ್ಲದ ಪೇಟೆಯಿಲ್ಲ. ಇಂತಹ ಪರೀಕ್ಷೆಗಳಿಗೇ ಮೀಸಲೆಂದು ಹೇಳಿಕೊಳ್ಳುವ ಒಂದು ಕೇಂದ್ರದಲ್ಲಿ ಮೂರು ತಿಂಗಳ ಹಣವನ್ನು ಮುಂಗಡ ಕಟ್ಟಿದೆ. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳು. ಹಳೆಯ ಪ್ರಶ್ನೆಗಳ ದಪ್ಪ ಪುಸ್ತಕವೊಂದನ್ನು ಕೊಟ್ಟು, ವಾರಕ್ಕೊಮ್ಮೆ ಪರೀಕ್ಷೆ ಮಾಡಿ, ಅಂಕಗಳನ್ನು ಪಾಲಕರ ಮೊಬೈಲಿಗೆ ಕಳುಹಿಸುತ್ತಿದ್ದರು. ನಮ್ಮ ಹುಡುಗನ ಅಂಕ ಎರಡು ತಿಂಗಳು ಒಂದೇ ಜಾಗದಲ್ಲಿ ನಿಂತಿದ್ದಿತು. ಏಕೆಂದು ಕೇಳಿದರೆ “ಬುನಾದಿ ಸಾಲದು” ಎಂದರು. ಅವನು ಮನೆಯಲ್ಲಿ ಮಾತನಾಡುವುದನ್ನೇ ಕಡಮೆ ಮಾಡಿದ. (ಹದಿನಾರು ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಮಂತ್ರಾಲಯ ಮಾರ್ಗಸೂಚಿ ಹೊರಡಿಸಿದ್ದು 2024ರ ಜನವರಿಯಲ್ಲಿ, ಅಂದರೆ ನಮ್ಮ ಪರೀಕ್ಷೆಯ ತಿಂಗಳಲ್ಲೇ. ನನ್ನ ಮುಂಗಡ ಅಷ್ಟರಲ್ಲಿ ಮುಗಿದಿದ್ದಿತು.)

ಆಗ ನನಗೆ ಹೊಳೆದದ್ದು, ಕನ್ನಡ ಬಲ್ಲ ಮೇಷ್ಟರು ಬೇಕೆಂದು. ಸಂಘದ ಮಿತ್ರರ ಮೂಲಕ ಒಬ್ಬರು ಸಿಕ್ಕಿದರು. ಸಜ್ಜನರು, ಈಗ ಊರಿಗೆ ಮರಳಿದ್ದಾರೆ. ಬಾಯಿತುಂಬ ಕನ್ನಡ. ನಮಗೆಲ್ಲ ಹಬ್ಬವಾಯಿತು, ನನ್ನ ಹೆಂಡತಿ ಪ್ರತಿ ಸಲವೂ ಅವಲಕ್ಕಿ ಕಲಸಿ ಕೊಡುತ್ತಿದ್ದಳು. ಅವರು ಲೆಕ್ಕವನ್ನು ಓದುವರು, ತಾವೇ ಮಾಡುವರು, ಬಹಳ ಚೆನ್ನಾಗಿ ಮಾಡುವರು. ಹುಡುಗ ನೋಡುತ್ತ ಕುಳಿತಿರುವನು. “ತಿಳಿಯಿತೇ?” ಎಂದರೆ “ತಿಳಿಯಿತು.” ಮರುದಿನ ಅಂಥದೇ ಲೆಕ್ಕ ಕೊಟ್ಟರೆ ಕೈ ಓಡದು. ತಿಂಗಳೊಂದರ ಮೇಲೆ ಅವರೇ ಕಾರಣ ಹೇಳಿ ಬಿಟ್ಟರು. ಭಾಷೆ ಒಂದಾದ ಮಾತ್ರಕ್ಕೆ ಪಾಠ ಕೈಗೂಡುವುದೆಂದು ನಾನು ತಿಳಿದಿದ್ದೆ; ಕನ್ನಡ ಸಂಘದ ವೇದಿಕೆಯಲ್ಲಿ ನಿಂತು ಹೀಗೆ ಹೇಳುವುದು ಕಷ್ಟವೇ, ಆದರೂ ಹೇಳಬೇಕು.

ಮೂರನೆಯವನು ಕಳಮಶ್ಶೇರಿಯ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಮಲಯಾಳಿ ತರುಣ. ನಮ್ಮ ಶಾಖೆಗೆ ವಿದ್ಯಾರ್ಥಿವೇತನದ ಖಾತೆಯ ಕೆಲಸಕ್ಕೆ ಬಂದಿದ್ದವನು. ಮಾತಿನಿಂದ ಮಾತು ಬಂದು ಗೊತ್ತಾಯಿತು. ವಾರದಲ್ಲಿ ಮೂರು ಸಂಜೆ ಮೆಟ್ರೋದಲ್ಲಿ ಕಲೂರಿಗೆ ಬರುತ್ತಿದ್ದ. ಕನ್ನಡದ ಒಂದಕ್ಷರವೂ ತಿಳಿಯದು. ಮೊದಲ ದಿನ ಅವನು ಹೊಸ ಪಾಠವನ್ನೇನೂ ಹೇಳಲಿಲ್ಲ. ಆ ಕೇಂದ್ರದ ಹಳೆಯ ಉತ್ತರಪತ್ರಿಕೆಗಳನ್ನು ತರಿಸಿ, ಕೆಂಪು ಗೀಟು ಬಿದ್ದ ಒಂದು ಲೆಕ್ಕವನ್ನು ತೋರಿಸಿ, “ಈ 100 ಎಲ್ಲಿಂದ ಬಂತು?” ಎಂದು ಕೇಳಿದ. ಕೇಳಿ ಸುಮ್ಮನೆ ಕುಳಿತ.

ಆ ಲೆಕ್ಕವನ್ನು ತಮಗೂ ಹೇಳಬೇಕು. ಆ ಕೇಂದ್ರದ ಮೇಷ್ಟರು ಅದನ್ನು ಮಲಯಾಳದಲ್ಲಿ ಬಾಯಿಯಲ್ಲೇ ಹೇಳಿ ಬರೆಯಿಸಿದ್ದರು. ಒಂದು ‘ಚತುರ’ದ ಸುತ್ತಳತೆ 40, ಉದ್ದ ಅಗಲಕ್ಕಿಂತ 4 ಹೆಚ್ಚು, ವಿಸ್ತೀರ್ಣವೆಷ್ಟು? ಅಗಲ 8, ಉದ್ದ 12, ಉತ್ತರ 96. ನಮ್ಮ ಹುಡುಗ 100 ಎಂದು ಬರೆದಿದ್ದ. ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು, ಕೊನೆಗೆ ಅವನು ಹೇಳಿದ: “ಚದರವೆಂದರೆ ನಾಲ್ಕೂ ಕಡೆ ಸಮ. 40ರಲ್ಲಿ ಒಂದು ಕಡೆಗೆ 10. ಉದ್ದ ಹೆಚ್ಚು ಎಂದದ್ದು ಏನೆಂದು ಅರ್ಥವಾಗಲಿಲ್ಲ, ಬಿಟ್ಟುಬಿಟ್ಟೆ.”

ಮಲಯಾಳದಲ್ಲಿ ಚತುರವೆಂದರೆ ನಮ್ಮ ಆಯತ. ನಮ್ಮ ಚೌಕಕ್ಕೆ ಅವರು ಸಮಚತುರವೆನ್ನುತ್ತಾರೆ. ಹುಡುಗನ ಕಿವಿಗೆ ಅದು ಚದರವಾಗಿ ಬಿದ್ದಿತ್ತು. ಅವನು ಮಾಡಿದ ಲೆಕ್ಕ ತಪ್ಪಾಗಿರಲಿಲ್ಲ. ಅವನು ಮಾಡಿದ್ದು ಬೇರೊಂದು ಲೆಕ್ಕ. ಊರಿನಲ್ಲಿ ಅಂಗಡಿ ಬೀದಿಯ ಮಲಯಾಳ ಅವನಿಗೆ ಬರುತ್ತಿದ್ದಿತು, ಗಣಿತದ ಮಲಯಾಳ ಬರುತ್ತಿರಲಿಲ್ಲ, ಇಂಗ್ಲಿಷಿನ ಪದಗಳು ಅರ್ಧ ಮಾತ್ರ ಬರುತ್ತಿದ್ದವು. ಕೇಳಿದರೆ ನಗುವರೆಂದು ಬಾಯಿ ಮುಚ್ಚಿಕೊಂಡಿದ್ದ.

ಬ್ಯಾಂಕಿನಲ್ಲಿ ಕೈಬರಹದ ಲೆಡ್ಜರುಗಳ ಕಾಲದ ಹಿರಿಯರು ನನಗೊಂದು ಉಪಾಯ ಕಲಿಸಿದ್ದರು. ದಿನದ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು. 540 ಇರಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ತಪ್ಪು ತಾನು ಹುಟ್ಟಿದ ಜಾಗವನ್ನು ತಾನೇ ತೋರಿಸುತ್ತದೆ. ಹತ್ತು ವರ್ಷ ಈ ಕೆಲಸ ಮಾಡಿಯೂ ಹುಡುಗನ 100 ಎಂಬ ಉತ್ತರದ ಮುಂದೆ ಒಂದು ಸಲವೂ ನಿಂತು ನೋಡದೆ ಅವನ ಅಂಕಗಳ ಮೊತ್ತವನ್ನು ಮಾತ್ರ ನಾನು ನೋಡುತ್ತಿದ್ದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಅಂದಿನಿಂದ ತರುಣ ಒಂದು ನೋಟ್‌ಪುಸ್ತಕದಲ್ಲಿ ಮೂರು ಕಲಂ ಎಳೆಸಿದ: ಕನ್ನಡ, ಮಲಯಾಳ, ಇಂಗ್ಲಿಷ್. ಕನ್ನಡದ ಕಲಮಿಗೆ ಹುಡುಗನೇ ಮೇಷ್ಟರು, ತರುಣನೇ ಶಿಷ್ಯ. ನಮ್ಮ ಲ.ಸಾ.ಅ. ಅವರಲ್ಲಿ ಲ.ಸಾ.ಗು.; ನಮ್ಮ ಮ.ಸಾ.ಅ. ಅವರಲ್ಲಿ ಉ.ಸಾ.ಘ. ನಮ್ಮ ಸುತ್ತಳತೆ ಅವರ ಚುಟ್ಟಳವು; ಇದು ಅಕ್ಕತಂಗಿಯರಂತೆ ಕಂಡಿತು. ಭಿನ್ನರಾಶಿ ಭಿನ್ನಸಂಖ್ಯೆಯಾಯಿತು. ತ್ರಾಪಿಜ್ಯಕ್ಕೆ ಅವರಲ್ಲಿ ಲಂಬಕವೆಂದು ಹೆಸರು. ನಮ್ಮ ಹುಡುಗ ಅಷ್ಟುದಿನ ಅದನ್ನು ಲಂಬವೆಂದೇ ತಿಳಿದು ಗೆರೆ ಎಳೆಯುತ್ತಿದ್ದ. ಎಲ್ಲಕ್ಕಿಂತ ತಮಾಷೆಯದು ‘ಶತಮಾನ’. ನಮಗದು ನೂರು ವರ್ಷ, ಅವರಿಗೆ ಶೇಕಡಾ. ಬಡ್ಡಿ ಹತ್ತು ‘ಶತಮಾನ’ವೆಂದು ಕೇಳಿದಾಗ, ಇಷ್ಟು ಕಾಲ ಸಾಲ ತೀರಿಸದವನು ಯಾರು ಎಂದು ಹುಡುಗ ಯೋಚಿಸಿದನಂತೆ! ನಮ್ಮ ಬ್ಯಾಂಕಿನಲ್ಲಿ ಅಂಥವರು ಇಲ್ಲದಿಲ್ಲ, ಆ ಮಾತು ಬೇರೆ.

ತರುಣ ಒಂದು ನಿಯಮ ಮಾಡಿದ್ದ. ಹುಡುಗ ಯೋಚಿಸುವುದನ್ನು ಯಾವ ಭಾಷೆಯಲ್ಲಾದರೂ ಗಟ್ಟಿಯಾಗಿ ಹೇಳಬೇಕು. ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕು. ಅಡುಗೆಮನೆಯವರೆಗೆ ಕನ್ನಡದಲ್ಲಿ ಲೆಕ್ಕ ಕೇಳಿಬರುತ್ತಿದ್ದಿತು. ಕೇಳುತ್ತಿದ್ದವನಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ, ಆದರೆ ಎಲ್ಲಿ ದನಿ ತಗ್ಗಿತು ಎಂಬುದು ತಿಳಿಯುತ್ತಿದ್ದಿತು. ಅಲ್ಲಿ ನಿಲ್ಲಿಸುತ್ತಿದ್ದ. ಎರಡು ತಿಂಗಳ ಮೇಲೆ ಕನ್ನಡದ ನಡುವೆ ಇಂಗ್ಲಿಷ್ ಪದಗಳು ತಾವಾಗಿಯೇ ಬಂದು ಕುಳಿತವು.

ಹೀಗಿರಲಾಗಿ, ಮೇಷ್ಟರನ್ನು ಆರಿಸುವಾಗ ನಾನೀಗ ನಮ್ಮವರಿಗೆ ಹೇಳುವುದು ಒಂದೇ ಪರೀಕ್ಷೆ. ಪದವಿ, ಅನುಭವ, ಎಷ್ಟು ಮಕ್ಕಳು ತೇರ್ಗಡೆಯಾದರು, ಇವುಗಳನ್ನು ವಿಚಾರಿಸಿ, ಬೇಡವೆನ್ನುವುದಿಲ್ಲ. ಆದರೆ ಮುಂಗಡ ಕೊಡುವ ಮೊದಲು ಒಂದು ಗಂಟೆಯ ಪಾಠಕ್ಕೆ ಕರೆದು, ಅದಕ್ಕೆ ಬೇರೆಯಾಗಿ ಹಣ ಕೊಟ್ಟು, ಮಗು ತಪ್ಪು ಮಾಡಿದ ಒಂದು ಲೆಕ್ಕವನ್ನು ಮುಂದಿಡಿ. ಅವರು ಪೆನ್ನು ತೆಗೆದುಕೊಂಡು ತಾವೇ ಮಾಡಿ ತೋರಿಸುವರೋ, ಮಗುವನ್ನು ಕೇಳುವರೋ ನೋಡಿ. ಕೇಳಿದ ಮೇಲೆ ಎಷ್ಟು ಹೊತ್ತು ಕಾಯುವರೆಂಬುದನ್ನೂ ನೋಡಿ. ಆ ಹೊತ್ತಿನಲ್ಲಿ ತಾವು ನಡುವೆ ಬಾಯಿ ಹಾಕಬಾರದು. ಇದು ನನ್ನಂಥ ಮಾವಂದಿರಿಗೆ ಬಲು ಕಷ್ಟ.

ಪರೀಕ್ಷೆ 2024ರ ಜನವರಿ 28ರಂದು ನಡೆಯಿತು. ಹುಡುಗ ಐದೂ ವಿಷಯಗಳಲ್ಲಿ ಕನಿಷ್ಠವನ್ನು ದಾಟಿದ, ಒಟ್ಟಿನಲ್ಲಿಯೂ ದಾಟಿದ. ಕಳಕ್ಕೂಟಂನ ಆಯ್ಕೆಯ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಬರಲಿಲ್ಲ. ಒಂಬತ್ತನೆಯದಕ್ಕೆ ಬೇರೊಂದು ಅವಕಾಶವಿರಲಿಲ್ಲ, ವಯಸ್ಸೂ ದಾಟುತ್ತಿದ್ದಿತು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅಕ್ಕನಿಗೆ ಫೋನು ಮಾಡಿ ಏನು ಹೇಳುವುದೆಂದು ನಾನು ಹಿಂದುಮುಂದು ನೋಡುತ್ತಿದ್ದಾಗ ಅವನೇ ಕಸಿದುಕೊಂಡು, “ಅಮ್ಮ, ಸೀಟು ಇಲ್ಲ. ಗಣಿತದಲ್ಲಿ 200ಕ್ಕೆ 132” ಎಂದ. ಆ ಕಡೆಯಿಂದ ಅಕ್ಕ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಮೂರನೆಯ ದಿನ ಶಾಲೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ಕುಳಿತ.

ಮೂರು ಕಲಮಿನ ಆ ನೋಟ್‌ಪುಸ್ತಕವನ್ನು ಇಂದು ತಂದಿದ್ದೇನೆ. ತೊಂಬತ್ತಾರು ಪುಟ; ಕೊನೆಯ ಏಳೆಂಟು ಪುಟ ಖಾಲಿಯಿವೆ. ಮಕ್ಕಳಿಗೆ ಬೇಕಾದವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಯಿಸಿ ಒಂದು ತಿಂಗಳ ಮಟ್ಟಿಗೆ ಕೊಂಡುಹೋಗಬಹುದು. ಹೊಸ ಪದ ಸಿಕ್ಕಿದರೆ ಖಾಲಿ ಪುಟದಲ್ಲಿ ಸೇರಿಸಿ. ಅವಧಿ ಮೀರಿದರೆ ಬಡ್ಡಿ ಹಾಕುವುದಿಲ್ಲ, ಆದರೆ ಮನೆಗೆ ಬಂದು ಕೇಳುತ್ತೇನೆ.